ಮರೆಮ್ಮನ ಸರೇಸು

ಸರಸಂಬಾದ ಧರ್ಮಣ್ಣ ಬಡಿಗೇರನ ಬಾಚಿ ಹರಿತವಾಗಿತ್ತು, ಬಾಯಿ ಅದಕ್ಕಿಂತ ಹರಿತ. ಬಾಚಿಯನ್ನಾದರೂ ಸಂಜೆಗೆ ಒರೆಸಿ ಗೂಟಕ್ಕೆ ಸಿಕ್ಕಿಸುತ್ತಿದ್ದ. ಬಾಯಿಗೆ ಅಷ್ಟು ವಿರಾಮವೂ ಇರಲಿಲ್ಲ. ಚಕ್ಕಡಿಯ ಗಾಲಿ ಕಟ್ಟುವುದರಲ್ಲಿ ಆಳಂದದಿಂದ ಅಫಜಲಪುರದವರೆಗೆ ಅವನ ಸಮ ಯಾರೂ ಇಲ್ಲವೆಂದು ಜನ ಹೇಳುತ್ತಿದ್ದರು. ಜನ ಹೇಳಲು ಮರೆತ ದಿನ ಅವನೇ ಹೇಳಿಕೊಳ್ಳುತ್ತಿದ್ದ.

ಅದು ನಿಜಾಮರ ಆಳ್ವಿಕೆಯ ಕಾಲ. ಕಿಣ್ಣಿ ಸುಲ್ತಾನದ ಜಮೀನುದಾರ ದೌಲತರಾಯರ ತಾಯಿ ಗುರುಶಾಂತಮ್ಮ ಒಳ್ಳೆಯ ಹಾಡುಗಾರ್ತಿ. ಗಂಡ ಹೋದ ಮೇಲೆ ಅವರು ತಂಬೂರಿಯನ್ನೇ ಜೊತೆ ಮಾಡಿಕೊಂಡು ತತ್ವಪದ ಹಾಡುತ್ತ ದಿನ ನೂಕುತ್ತಿದ್ದರು. ಆ ತಂಬೂರಿಯ ಬುರುಡೆ ಗಟ್ಟಿಯಾಗಿದ್ದರೂ ಉದ್ದನೆಯ ದಂಡಿಗೆ ಹುಳ ಹತ್ತಿ ಒಳಗೇ ಹಿಟ್ಟಾಗಿತ್ತು. ಹೊಸ ದಂಡಿ ಹಾಕಿಸಲು ಅದನ್ನು ಮಿರಜಕ್ಕೆ ಕಳಿಸುವ ಮಾತು ನಡೆದಿದ್ದಾಗ, ಗಾಲಿಯ ಕೆಲಸಕ್ಕೆಂದು ಆ ಮನೆಗೆ ಹೋಗಿದ್ದ ಧರ್ಮಣ್ಣ ನಡುವೆ ಬಾಯಿ ಹಾಕಿದ.

“ಮಿರಜಕ್ಕ ಯಾಕ್ರಿ ಧಣೇರ? ಗಾಲಿ ಕಟ್ಟೋ ಕೈಗಿ ಒಂದು ದಂಡಿ ಹೆಚ್ಚಾತೇನ್ರಿ? ನಾ ಮಾಡಿಕೊಡ್ತೇನಿ.”

ವಾದ್ಯದ ಕೆಲಸ ಅವನು ಹುಟ್ಟಿದಾಗಿನಿಂದ ಒಮ್ಮೆಯೂ ಮಾಡಿದವನಲ್ಲ. ಆದರೂ ಮಾಡಿದ, ಚೆನ್ನಾಗಿಯೇ ಮಾಡಿದ. ಒಣಗಿದ ಶಿವನಿ ಮರ ಆರಿಸಿ ತಂದು ದಂಡಿ ಕೆತ್ತಿದ, ಒಳಗೆ ತೋಡಿದ, ಮೇಲೆ ಮುಚ್ಚಲು ತೆಳ್ಳನೆಯ ಪಟ್ಟಿ ಉಜ್ಜಿದ. ದಂಡಿಯ ಕೆಳತುದಿಯಲ್ಲಿ ಒಂದು ನಾಲಿಗೆ ಬಿಟ್ಟು, ಅದು ಬುರುಡೆಯ ಕುತ್ತಿಗೆಮರದ ತೂತಿನಲ್ಲಿ ಬಿಗಿಯಾಗಿ ಕೂರುವಂತೆ ಅಳತೆ ಹಿಡಿದ. ಇನ್ನು ಅಂಟಿಸುವುದೊಂದೇ ಬಾಕಿ. ಅದಕ್ಕೆ ಸರೇಸು ಎಂಬ ಅಂಟು ಬೇಕು.

ಸರೇಸು ಮಾಡುವವಳು ಊರ ಹೊರಗಿನ ಕೇರಿಯ ಮರೆಮ್ಮ. ತೊಗಲಿನ ಚೂರುಗಳನ್ನು ಹಂಡೆಯಲ್ಲಿ ಕುದಿಸಿ, ಸೋಸಿ, ಹೆಪ್ಪುಗಟ್ಟಿಸಿ, ಬೆಲ್ಲದ ಬಣ್ಣದ ತುಂಡುಗಳನ್ನಾಗಿ ಕೊಯ್ದು ಒಣಗಿಸಿ, ಆಳಂದದ ಸಂತೆಯ ತೀರಾ ಕೊನೆಯಲ್ಲಿ ಕುಳಿತು ಮಾರುತ್ತಿದ್ದಳು. ಸುತ್ತಲಿನ ಬಡಿಗರೆಲ್ಲ ಅವಳ ಗಿರಾಕಿಗಳು. ಅವಳನ್ನು ಮುಟ್ಟದವರೂ ಅವಳ ಸರೇಸನ್ನು ಮುಟ್ಟುತ್ತಿದ್ದರು. ಶಂಖದಿಂದ ಬಂದರೇ ತೀರ್ಥ ಎನ್ನುತ್ತಾರಲ್ಲ, ಹಾಗೆ ವಾದ್ಯಕ್ಕೆ ಹತ್ತಿದ ಮೇಲೆ ತೊಗಲೂ ಮಡಿಯಾಗುತ್ತಿತ್ತು. ಧರ್ಮಣ್ಣ ಕೇರಿಯ ಬೇವಿನ ಮರದ ಈಚೆ ನಿಂತು ಕೂಗಿ, ಅವಳು ನೆಲದ ಮೇಲಿಟ್ಟು ಹಿಂದೆ ಸರಿದ ತುಂಡುಗಳನ್ನು ಎತ್ತಿಕೊಂಡು ಬಂದ.

ಹೊಸ ದಂಡಿಯ ತಂಬೂರಿಯನ್ನು ಮೊದಲು ದೇವಿಯ ಮುಂದೆ ನುಡಿಸಬೇಕೆಂದು ಗುರುಶಾಂತಮ್ಮ ಛಟ್ಟಿ ಅಮಾಸೆಯ ದಿನ ಘತ್ತರಗಿಗೆ ಹೊರಟರು. ಧರ್ಮಣ್ಣನೂ ರೇಶಿಮೆ ಅಂಚಿನ ರುಮಾಲು ಸುತ್ತಿಕೊಂಡು ಜೊತೆಗೆ ಹೋದ. ಭಾಗ್ಯವಂತಿಯ ದರ್ಶನ ಮುಗಿಸಿ ಗುರುಶಾಂತಮ್ಮ ಭೀಮಾ ನದಿಯ ದಂಡೆಯ ಕಲ್ಲಿನ ಮೇಲೆ ಕುಳಿತು ತಂತಿ ಬಿಗಿದರು. ಸುತ್ತ ಜನ ನೆರೆದರು. ಮೊದಲ ಪದದ ಎರಡನೆಯ ಸಾಲಿಗೆ ದಂಡಿ ಟಕ್ಕೆಂದು ಬುರುಡೆಯಿಂದ ಮೇಲೆದ್ದಿತು. ಹರಿದ ತಂತಿ ಆ ಹಿರಿಯ ಜೀವದ ಗದ್ದಕ್ಕೆ ಬಡಿದು, ಬಿಳಿ ಸೀರೆಯ ಮೇಲೆ ರಕ್ತ ತೊಟ್ಟಿಕ್ಕಿತು.

ಎಲ್ಲರ ಕಣ್ಣೂ ಧರ್ಮಣ್ಣನ ಕಡೆ ತಿರುಗಿತು. ಅವನಿಗೆ ರುಮಾಲಿನ ಕೆಳಗೆ ಬೆವರು ಕಿತ್ತುಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ಒಂದು ಗಳಿಗೆ ಯೋಚನೆ ಮಾಡಿ ಅಂದಿರಬಹುದು, ಇವನು ಅಷ್ಟೂ ಮಾಡಲಿಲ್ಲ.

“ಸರೇಸು ಖೊಟ್ಟಿ ಅದರಿ! ನಮ್ಮೂರ ಮರೆಮ್ಮ ನೀರಂಥಾ ಸರೇಸು ಕೊಟ್ಟು ನನ್ನ ಮಾರಿಗಿ ಮಸಿ ಬಳದಾಳ. ನನ್ನ ಕೆಲಸದಾಗ ಒಂದು ಕೂದಲೆಳಿ ಫರಕ್ ಇಲ್ರಿ!”

ಜನ ನಂಬಿದರು. ನಂಬದೆ ಏನು ಮಾಡಿಯಾರು? ಒಂದು ಕಡೆ ಗಾಲಿ ಧರ್ಮಣ್ಣ, ಇನ್ನೊಂದು ಕಡೆ ತೊಗಲು ಕುದಿಸುವ ಹೆಂಗಸು, ಅವಳು ಆ ಸ್ಥಳದಲ್ಲೂ ಇರಲಿಲ್ಲ.

ಅವನ ಚಕ್ಕಡಿ ಸರಸಂಬಾ ಮುಟ್ಟುವ ಮೊದಲೇ ಅವನ ಮಾತು ಆಳಂದ ಮುಟ್ಟಿತ್ತು. ಮುಂದಿನ ಸಂತೆಯಲ್ಲಿ ಮರೆಮ್ಮ ಬುಟ್ಟಿ ಇಟ್ಟುಕೊಂಡು ಕುಳಿತೇ ಇದ್ದಳು, ಒಬ್ಬ ಬಡಿಗನೂ ಅವಳ ಕಡೆ ಬರಲಿಲ್ಲ. ತುಂಬಿದ ಬುಟ್ಟಿ ತುಂಬಿದ ಹಾಗೆಯೇ ಕೇರಿಗೆ ಮರಳಿತು. ಮರುದಿನ ಬೆಳಿಗ್ಗೆ ಅವಳು ಧರ್ಮಣ್ಣನ ಅಂಗಳದ ಹೊರಗೆ, ಬೇಲಿಯಾಚೆ ಬಂದು ನಿಂತಳು. ಜಗಳಕ್ಕೆ ಬಂದಳೆಂದು ಅವನು ಬಾಯಿ ಮಸೆದುಕೊಂಡ. ಅವಳು ದನಿ ಏರಿಸಲಿಲ್ಲ.

“ಎಪ್ಪಾ, ದಂಡಿ ಬಿಚ್ಚಿ ನೋಡೀರೇನ್ರಿ?”

“ಬಿಚ್ಚೋದೇನದ ಬೇ, ತಾನೇ ಬಿಚ್ಚಿಕೊಂಡು ಆ ತಾಯಿ ಗದ್ದಾ ಹರದದ. ಹೋಗು ಅತ್ಲಾಗ!”

“ಒಮ್ಮಿ ಒಳಗ ನೋಡ್ರಿ ಎಪ್ಪಾ. ನೋಡಿ ಬೈರಿ,” ಎಂದು ಅವಳು ತಿರುಗಿ ಹೋದಳು.

ಅರ್ಧ ಮೇಲೆದ್ದು ನಾಲಿಗೆ ತೂತಿನಲ್ಲೇ ಸಿಕ್ಕಿದ್ದ ದಂಡಿಯನ್ನು ಹೇಗೂ ಬಿಚ್ಚಲೇಬೇಕಿತ್ತು. ಎಳ್ಳಮಾಸೆಗೆ ತಮ್ಮ ಹೊಲದಲ್ಲಿ ಹಾಡುವಷ್ಟರಲ್ಲಿ ಸರಿಮಾಡಿ ಕೊಡು ಎಂದು ಗುರುಶಾಂತಮ್ಮ ತಂಬೂರಿಯನ್ನು ಅವನ ಕೈಗೇ ಕೊಟ್ಟಿದ್ದರು. ಗದ್ದಕ್ಕೆ ಅರಿಶಿನ ಮೆತ್ತಿಕೊಂಡಿದ್ದ ಆ ತಾಯಿ ಒಂದು ಕೆಟ್ಟ ಮಾತು ಆಡಿರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಸರೇಸಿನ ಹಟ ಬಿಸಿನೀರಿನ ಮುಂದೆ ನಡೆಯುವುದಿಲ್ಲ. ಅವನ ಹೆಂಡತಿ ಗಂಗುಬಾಯಿ ನೀರು ಕಾಸಿ ತಂದಿಟ್ಟಳು. ಬಟ್ಟೆ ಅದ್ದಿ ಹಿಂಡಿ ಕುತ್ತಿಗೆಮರಕ್ಕೆ ಸುತ್ತಿ, ಸಡಿಲಾಗಲೆಂದು ಕಾಯಲು ಅವನು ಕುಳಿತ. ಕಾಯುವ ಕೆಲಸವೇ ಬೀಳಲಿಲ್ಲ. ಹಿಡಿದು ಎಳೆದದ್ದೇ ತಡ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಾಲಿಗೆ ಹೊರಗೆ ಬಂತು. “ನೋಡು, ನೋಡು! ಇದು ಸರೇಸೇನ? ಅಂಬಲಿ!” ಎಂದು ಹೆಂಡತಿಗೆ ತೋರಿಸಿದ.

ಆಮೇಲೆ ತೂತಿನೊಳಗೆ ಬೆರಳು ಹಾಕಿದ. ಹಾಕಿದ ಬೆರಳು ಅಲ್ಲೇ ನಿಂತಿತು. ಸರೇಸು ತೂತಿನ ಒಳಗೋಡೆಗೆ ಗಾಜಿನಂತೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಉಗುರಿನಿಂದ ಕೆರೆದ, ಉಗುರು ಮುರಿಯಿತು. ದಂಡಿಯ ಮೇಲಿನ ಪಟ್ಟಿಯನ್ನೂ ಅದೇ ದಿನ, ಅದೇ ಗಡಿಗೆಯ ಸರೇಸಿನಿಂದ ಅಂಟಿಸಿದ್ದ. ಅಲ್ಲಿಗೆ ಚೂರಿ ಕಾಯಿಸಿ ಹಾಕಿ ಮೀಟಿ ನೋಡಿದ. ಮರ ಸಿಗಿಯಲು ಬಂತೇ ಹೊರತು ಬೆಸುಗೆ ಬಿಡಲಿಲ್ಲ. ಎಲ್ಲ ಕಡೆ ಹಿಡಿದ ಸರೇಸು ನಾಲಿಗೆಯೊಂದನ್ನು ಮಾತ್ರ ಮುಟ್ಟಿರಲೇ ಇಲ್ಲ. ನಾಲಿಗೆಯ ಮರ ನಯವಾಗಿ ಮಿರಿಮಿರಿ ಮಿಂಚುತ್ತಿತ್ತು.

ಗಂಗುಬಾಯಿ ಬಗ್ಗಿ ಮೂಸಿದಳು. “ಕುಸುಬಿ ಎಣ್ಣಿ ವಾಸನಿ ಬರಲಾಕತ್ತದಲ್ರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಧರ್ಮಣ್ಣ ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡ.

ಗಾಲಿಯ ನಡುವಿನ ಗುಂಬಕ್ಕೆ ಸುತ್ತಲಿನ ಆರೆಕಟ್ಟಿಗೆ ಬಡಿಯುವಾಗ ಅದರ ತುದಿಗೆ ಕುಸುಬಿ ಎಣ್ಣೆ ಸವರುವುದು ಅವನ ಮನೆತನದ ಪದ್ಧತಿ. ಎಣ್ಣೆ ಸವರಿದರೆ ಕಟ್ಟಿಗೆ ಸಿಗಿಯದೆ ಒಳಗಿಳಿಯುತ್ತದೆ. ಗಾಲಿಗೆ ಸರೇಸಿನ ಹಂಗಿಲ್ಲ, ಮೇಲೆ ಹಾಕುವ ಕಬ್ಬಿಣದ ಹಳಿಯೇ ಎಲ್ಲವನ್ನೂ ಬಿಗಿಹಿಡಿಯುತ್ತದೆ. ಅಪ್ಪ ಕಲಿಸಿದ ಈ ಪಾಠ ತಲೆಯಿಂದ ಇಳಿದು ಕೈಯಲ್ಲಿ ಕುಳಿತು ಎಷ್ಟೋ ಕಾಲವಾಗಿತ್ತು. ಅಂದು ನಾಲಿಗೆ ತೂತಿಗೆ ಕೊಂಚ ಬಿಗಿಯೆನಿಸಿದಾಗ ಅವನು ಮಾತಾಡುತ್ತಲೇ ಇದ್ದ, ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುತ್ತ. ಬಾಯಿ ಅತ್ತ ದುಡಿಯುತ್ತಿದ್ದಾಗ ಕೈ ಇತ್ತ ಎಣ್ಣೆಯ ಬಟ್ಟಲಿಗೆ ಹೋಗಿ ಬಂದಿತ್ತು. ಎಣ್ಣೆ ಹತ್ತಿದ ಮರಕ್ಕೆ ಯಾವ ಸರೇಸು ಹಿಡಿದೀತು?

ಅವನಿಗೆ ಕಿವಿ ಕಾದವು. ಎದುರಿಗೆ ನಿಂತ ಹೆಂಡತಿಯ ಮುಖ ನೋಡಲಾಗಲಿಲ್ಲ. ಭೀಮೆಯ ದಂಡೆಯಲ್ಲಿ ತಾನು ಕೂಗಿದ ಒಂದೊಂದು ಮಾತೂ ತಿರುಗಿ ಬಂದು ಕಪಾಳಕ್ಕೆ ಹೊಡೆದಂತಾಯಿತು. ಆದರೆ ನಾಚಿಕೆಯಾದ ಕೂಡಲೇ ಮನುಷ್ಯ ಒಳ್ಳೆಯವನಾಗುತ್ತಾನೆಂದು ಯಾರೂ ತಿಳಿಯಬಾರದು. ನಾಚಿಕೆ ಮೊದಲು ಕಲಿಸುವುದು ಮುಚ್ಚಿಡುವುದನ್ನು. ಧರ್ಮಣ್ಣ ಕದ ಮುಂದೆ ಮಾಡಿ ಉಳಿ ಎತ್ತಿಕೊಂಡ.

ನಾಲಿಗೆಯ ಮಿಂಚನ್ನೆಲ್ಲ ಹೆರೆದು ತೆಗೆದ. ಎಣ್ಣೆ ಆಳಕ್ಕೆ ಇಳಿದಿತ್ತು. ಒಣ ಸುಣ್ಣದ ಪುಡಿಯನ್ನು ಕಾಯಿಸಿ ಅರಿವೆಯಲ್ಲಿ ಕಟ್ಟಿ ಅದಕ್ಕೆ ಒತ್ತಿ ಇಟ್ಟ. ಪುಡಿ ಎಣ್ಣೆ ಹೀರಿ ಹಳದಿಯಾದಾಗ ಚೆಲ್ಲಿ ಹೊಸದು ಕಟ್ಟಿದ. ಪುಡಿ ಬೆಳ್ಳಗೇ ಉಳಿಯುವವರೆಗೂ ಇದೇ ಮಾಡಿದ. ಮತ್ತೆ ಹೆರೆದ. ಹೆರೆದು ಹೆರೆದು ಸಣಕಲಾದ ನಾಲಿಗೆಗೆ ಎರಡೂ ಮಗ್ಗುಲಿಗೆ ಅದೇ ಮರದ ತೆಳುವಾದ ಸೀಳು ಕೂರಿಸಿ ದಪ್ಪ ಮಾಡಿದ. ತೂತಿನೊಳಗಿನ ಹಳೆ ಸರೇಸನ್ನು ಬಿಸಿನೀರಿನಿಂದ ಕರಗಿಸಿ ತೊಳೆದ. ಹೆರಕಲುಗಳನ್ನು ಬಳಿದು ಒಲೆಗೆ ಹಾಕಿದಾಗ ಎಣ್ಣೆ ಕುಡಿದಿದ್ದ ಅವು ಭಗ್ಗನೆ ಹೊತ್ತಿಕೊಂಡವು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಗಂಗುಬಾಯಿ ಆ ಉರಿಯನ್ನೇ ನೋಡಿದಳು.

“ದಂಡೀದು ನೆಟ್ಟಗ ಮಾಡ್ತೀರಿ. ಮರೆಮ್ಮಂದೇನ್ರಿ?”

“ನಿನ್ನ ರೊಟ್ಟಿ ನೀ ಬಡಿ,” ಎಂದು ಅವನು ಗದರಿಸಿದ. ಅವಳು ಬಡಿದಳು, ಬೇಕಾದದ್ದಕ್ಕಿಂತ ಜೋರಾಗಿ.

ಮರೆಮ್ಮನ ಸರೇಸು ಇನ್ನೂ ಅರ್ಧ ತುಂಡು ಮನೆಯಲ್ಲೇ ಇತ್ತು. ಅದನ್ನು ಮುಟ್ಟಲು ಅವನಿಗೆ ಮುಖವಿರಲಿಲ್ಲ. ಆಳಂದದ ಅಂಗಡಿಯಿಂದ ಪಟ್ಟಣದ ಸರೇಸು ತಂದು, ಬಾಯಿ ಮುಚ್ಚಿಕೊಂಡು, ಕೈಯ ಮೇಲೆ ಕಣ್ಣಿಟ್ಟು ಅಂಟಿಸಿದ. ಹಗ್ಗ ಸುತ್ತಿ ಬಿಗಿದು, ಒಣಗಲು ಬಿಟ್ಟ. ಈ ಸಲ ಬೆಸುಗೆ ಕಲ್ಲಾಗಿ ಕುಳಿತಿತು.

ಎಳ್ಳಮಾಸೆಯ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ದೌಲತರಾಯರ ಹೊಲದಲ್ಲಿ ಜೋಳದ ಸಾಲಿನ ನಡುವೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಆಗಿತ್ತು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು ಜನ ಬನ್ನಿ ಗಿಡದ ನೆರಳಿಗೆ ಸೇರಿದ್ದರು. ಗುರುಶಾಂತಮ್ಮ ಹಾಡಿದರು. ದಂಡಿ ಅಲುಗಲಿಲ್ಲ. ಗದ್ದದ ಗೀರು ಮಾಯದೆ ಹಾಗೇ ಕಾಣುತ್ತಿದ್ದರೂ ಅವರ ದನಿ ಹೊಲದ ಆ ಬದುವಿನವರೆಗೂ ಹೋಯಿತು. ಎಲ್ಲರೂ ಭಲೆ ಅಂದರು. ಧರ್ಮಣ್ಣ ತಲೆ ತಗ್ಗಿಸಿ ಕುಳಿತದ್ದು ಅವರಿಗೆ ವಿನಯದಂತೆ ಕಂಡಿತು.

“ಕೆಲಸ ಅಂದ್ರ ಇದು!” ಎಂದರು ದೌಲತರಾಯರು. “ಸರೇಸು ಬದಲಿ ಮಾಡಿದ ನೋಡ್ರಿ, ಕಲ್ಲಿನಂಗ ಕುಂತದ. ಆ ಮರೆಮ್ಮಂದೇ ತಪ್ಪು ಅಂಬೋದು ಈಗರೇ ಖಾತ್ರಿ ಆತಿಲ್ಲ? ಆಳಂದ ಸಂತ್ಯಾನವ್ರಿಗಿ ಹೇಳಿಕಳಸ್ತೇನಿ. ಇನ್ನ ಮ್ಯಾಲ ಆಕಿಗಿ ಅಲ್ಲಿ ಕುಂದರಲಾಕ ಜಾಗಾ ಇಲ್ಲ.”

ಧರ್ಮಣ್ಣನಿಗೆ ಆಗ ಹೊಳೆಯಿತು. ತಾನು ದಂಡಿಯನ್ನು ಎಷ್ಟು ಚೆನ್ನಾಗಿ ಸರಿಪಡಿಸಿದ್ದನೋ ಅಷ್ಟೇ ಭದ್ರವಾಗಿ ಸುಳ್ಳನ್ನು ಮರೆಮ್ಮನ ಬೆನ್ನಿಗೆ ಅಂಟಿಸಿದ್ದ. ಅವನು ಎದ್ದು ನಿಂತ. ಎಂದೂ ತಡವರಿಸದ ಬಾಯಿ ಅಂದು ತಡವರಿಸಿತು.

“ಧಣೇರ... ಆಕಿದು ತಪ್ಪಿಲ್ರಿ. ತಪ್ಪು ನಂದದ. ಗಾಲಿಗಿ ಸವರದಂಗ ನಾ ನಾಲಗಿಗಿ ಎಣ್ಣಿ ಸವರಿದ್ನಿ. ಅದಕ್ಕ ಹಿಡೀಲಿಲ್ರಿ.”

ದೌಲತರಾಯರು ಗಹಗಹಿಸಿ ನಕ್ಕು ಅವನ ಬೆನ್ನು ತಟ್ಟಿದರು. “ನೋಡ್ರೆಪ್ಪಾ, ದೊಡ್ಡ ಮನಸು ಅಂದ್ರ ಹಿಂಗಿರಬೇಕು! ಬಡವಿ ಹೊಟ್ಟಿ ಮ್ಯಾಲ ಕಾಲು ಬೀಳ್ತದಂತ ಆಕಿ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ.”

ಹೌದು ಹೌದು ಎಂದು ಹತ್ತು ದನಿ ಕೂಡಿದವು. “ಇಲ್ರೆಪ್ಪಾ, ಖರೇನ ಎಣ್ಣಿ ಹತ್ತಿತ್ರಿ!” ಎಂದು ಅವನು ಅಂಗಲಾಚಿದ. “ಹಂಗಾರ ತೋರಸು,” ಎಂದ ಯಾರೋ ತಮಾಷೆಗೆ. ತೋರಿಸಲು ಏನಿತ್ತು? ಎಣ್ಣೆಯ ಗುರುತನ್ನೆಲ್ಲ ಅವನೇ ಹೆರೆದು, ಅವನೇ ಒಲೆಗೆ ಹಾಕಿದ್ದ. ಬೈಗುಳ ತಿನ್ನಲು ಎದ್ದವನಿಗೆ ಹೊಗಳಿಕೆ ಸಿಕ್ಕಿತು, ಅದನ್ನು ಹೊತ್ತು ನಿಲ್ಲುವುದು ಬೈಗುಳಕ್ಕಿಂತ ಕಷ್ಟವಾಯಿತು.

ಗುರುಶಾಂತಮ್ಮ ಒಬ್ಬರೇ ನಕ್ಕಿರಲಿಲ್ಲ. ಜನ ಚದುರಿದ ಮೇಲೆ ಅವನನ್ನು ಹತ್ತಿರ ಕರೆದರು.

“ನಾ ನಂಬ್ತೇನಿ ಧರ್ಮಣ್ಣ. ಸುಳ್ಳು ಹೇಳೋವಾಗ ನಿನ್ನ ಬಾಯಿ ತೊದಲೂದಿಲ್ಲ. ಮಗಗ ಇನ್ನೊಂದು ಸಂತಿ ತಡೀಲಾಕ ಹೇಳ್ತೇನಿ. ಆದ್ರ ನನ್ನ ಗದ್ದದ ಗಾಯಕ್ಕ ನನ್ನ ಮುಂದ ಅತ್ರ ಆ ಮರೆಮ್ಮಗೇನು ಬಂತು?”

ಮರುದಿನ ಬೆಳಿಗ್ಗೆ, ಎಲ್ಲರೂ ನೋಡುವಾಗ, ಧರ್ಮಣ್ಣ ಬೇವಿನ ಮರ ದಾಟಿ ಕೇರಿಯೊಳಗೆ ನಡೆದ. ಮಕ್ಕಳು ಆಟ ನಿಲ್ಲಿಸಿ ನೋಡಿದವು. ಮರೆಮ್ಮನ ಹಂಡೆ ಅಂಗಳದಲ್ಲಿ ಬೋರಲು ಬಿದ್ದಿತ್ತು, ಕೆಳಗೆ ಬೂದಿ ತಣ್ಣಗಾಗಿತ್ತು. ಮಾರದೆ ಉಳಿದ ತುಂಡುಗಳು ಬುಟ್ಟಿಯಲ್ಲೇ ಇದ್ದವು. ಅವನು ನಿಂತಲ್ಲೇ ಎಲ್ಲ ಹೇಳಿದ. ಎಣ್ಣೆ, ಹೆಬ್ಬೆರಳು, ಒಲೆಗೆ ಹಾಕಿದ ಹೆರಕಲು, ಒಂದನ್ನೂ ಬಿಡಲಿಲ್ಲ. ಹೇಳುವಾಗ ಅವಳ ಕಾಲಿನ ಹತ್ತಿರದ ನೆಲವನ್ನಷ್ಟೇ ನೋಡುತ್ತಿದ್ದ.

ಮರೆಮ್ಮ ಕೊನೆಯವರೆಗೂ ಕೇಳಿದಳು. “ಇದು ಇಲ್ಲಿ ಹೇಳಿದ್ರ ಏನು ಬಂತ್ರಿ ಎಪ್ಪಾ? ನನ್ನ ಸರೇಸು ಎಂಥಾದಂತ ಇಲ್ಲಿ ಎಲ್ಲಾರಿಗೂ ಗೊತ್ತದ.”

ಅವನು ಬುಟ್ಟಿಯಿಂದ ಎರಡು ತುಂಡು ಕೊಂಡುಕೊಂಡು, ಅವಳು ಇಟ್ಟು ಹಿಂದೆ ಸರಿಯುವುದನ್ನು ಕಾಯದೆ ಕೈಯೊಡ್ಡಿ ಇಸಿದುಕೊಂಡು, ಮನೆಗೆ ಬಂದ.

ಸಂತೆಯ ದಿನ ಆಳಂದದಲ್ಲಿ ಜನ ಒಂದು ವಿಚಿತ್ರ ಕಂಡರು. ಕೊನೆಯ ತುದಿಯಲ್ಲಿ, ಸರೇಸಿನ ಬುಟ್ಟಿಯ ಪಕ್ಕದಲ್ಲಿ, ಜನಿವಾರದ ಧರ್ಮಣ್ಣ ಬಡಿಗೇರ ಗೋಣಿತಟ್ಟು ಹಾಸಿ ಕುಳಿತಿದ್ದ. ಮುಂದೆ ಜೋಡಿ ಜೋಡಿಯಾಗಿ ಅಂಟಿಸಿದ ಕಟ್ಟಿಗೆಯ ಎರಡು ರಾಶಿ. ಎರಡಕ್ಕೂ ಒಂದೇ ಮರ, ಎರಡಕ್ಕೂ ಒಂದೇ ಗಡಿಗೆಯ ಸರೇಸು. ಒಂದಕ್ಕೆ ಮಾತ್ರ ಮೊದಲು ಕುಸುಬಿ ಎಣ್ಣೆ ಸವರಿದ್ದ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ಎರಡರಿಂದಲೂ ಒಂದೊಂದು ಜೋಡಿ ಕೈಗೆ ಕೊಟ್ಟ.

“ಎಳದು ನೋಡ್ರಿ. ಇದು ಮರೆಮ್ಮನ ಸರೇಸು. ಬಿಟ್ಟದ್ದು ಎಣ್ಣಿ ಹತ್ತಿದ್ದು. ಘತ್ತರಗ್ಯಾಗ ದಂಡಿ ಕಿತ್ತಿದ್ದೂ ಹಿಂಗೇ. ಎಣ್ಣಿ ಸವರಿದ ಕೈ ನಂದು, ಸುಳ್ಳು ಹೇಳಿದ ಬಾಯಿನೂ ನಂದು.”

ಹೊಗಳಿಕೊಳ್ಳಲು ಎತ್ತುತ್ತಿದ್ದ ದನಿಯಲ್ಲೇ ಇದನ್ನೂ ಹೇಳಬೇಕಾಯಿತು, ಅವನಿಗೆ ಬೇರೆ ದನಿ ಇರಲಿಲ್ಲ. ಕೆಲವರು ನಕ್ಕರು, ಕೆಲವರು ಅವನು ಕುಳಿತ ಜಾಗ ನೋಡಿ ಮೂಗು ಮುರಿದು ದಾಟಿಹೋದರು. ಅವನ ಬೀಗನೊಬ್ಬ ಕಂಡೂ ಕಾಣದಂತೆ ಎಮ್ಮೆಯ ಮರೆಗೆ ಸರಿದ. ಪ್ರತಿ ಸಲ ಹೇಳುವಾಗಲೂ ಮೊದಲ ಸಲದಷ್ಟೇ ನಾಚಿಕೆಯಾಯಿತು. ಹೇಳಿ ಹೇಳಿ ಸವೆಯಬಹುದೆಂದು ಅವನು ಅಂದುಕೊಂಡಿದ್ದ, ಸವೆಯಲಿಲ್ಲ.

ಬಾಗಿಲ ಚೌಕಟ್ಟು ಮಾಡುವ ಜೇವರ್ಗಿಯ ಜಗದೇವಪ್ಪ ಬಂದು ನಿಂತ. ಮರೆಮ್ಮನ ಹಳೆಯ ಗಿರಾಕಿ, ಒಂದು ತಿಂಗಳಿಂದ ಇತ್ತ ಸುಳಿದಿರಲಿಲ್ಲ. ಮೊದಲ ಜೋಡಿ ಹಿಡಿದು ಎಳೆದ, ಎರಡಾಯಿತು. ಒಡೆದ ಮುಖವನ್ನು ಮೂಸಿ ನೋಡಿದ. ಎರಡನೆಯದನ್ನು ಎಳೆದ, ತಿರುವಿದ, ಕೊನೆಗೆ ಮೊಣಕಾಲಿಗೆ ಹಚ್ಚಿ ಮುರಿದ. ಮರ ಮುರಿಯಿತು, ಬೆಸುಗೆ ಹಾಗೇ ಇತ್ತು.

“ಲೇ ಧರ್ಮಣ್ಣ, ದಂಡೀಗಿ ಗಾಲಿ ಎಣ್ಣಿ ಹಚ್ಚೀಯೇನಲೇ!” ಎಂದು ಸಂತೆಗೆಲ್ಲ ಕೇಳುವಂತೆ ನಕ್ಕ. ಸುತ್ತಲಿದ್ದವರೂ ನಕ್ಕರು. ಧರ್ಮಣ್ಣ ಹೌದೆಂದು ತಲೆಯಾಡಿಸಿದ. ನಗು ಮುಗಿದ ಮೇಲೆ ಜಗದೇವಪ್ಪ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸರೇಸು ಆರಿಸತೊಡಗಿದ. ಅವನ ಹಿಂದೆ ಇನ್ನೂ ಇಬ್ಬರು ಬಡಿಗರು ಬಂದರು.

ಅವರು ಹೋದ ಮೇಲೆ ಧರ್ಮಣ್ಣನಿಗೆ ಎದೆ ಸ್ವಲ್ಪ ಹಗುರೆನಿಸಿತು. ಏನಾದರೂ ಒಂದು ಮಾತು ಅಂದಾಳೆಂದು ಆಸೆಯಿಂದ ಪಕ್ಕಕ್ಕೆ ತಿರುಗಿದ. ಮರೆಮ್ಮ ರಾತ್ರಿಯ ಇಬ್ಬನಿಗೆ ಮೆತ್ತಗಾಗಿದ್ದ ತುಂಡುಗಳನ್ನು ಎಳೆಬಿಸಿಲಿಗೆ ಒಂದೊಂದಾಗಿ ಹರವುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು.

“ಜರಾ ದೂರ ಸರದು ಕುಂದರ್ರಿ ಎಪ್ಪಾ. ನಿಮ್ಮ ನೆಳ್ಳ ನನ್ನ ಸರೇಸಿನ ಮ್ಯಾಲ ಬೀಳಾಕತ್ತದ.”

ಧರ್ಮಣ್ಣ ಗೋಣಿತಟ್ಟು ಎತ್ತಿಕೊಂಡು ದೂರ ಸರಿದು ಕುಳಿತ.